ನೋಯದ ಕಾಲು

ಹೋಟೆಲಿನ ದಣಿಗಳು ಬೊಂಬಾಯಿಗೆ ಹೋಗಿ ಬಂದರೆಂದರೆ ನನಗೆ ಹೊಸ ಕೆಲಸವೊಂದು ಕಾದಿರುತ್ತಿತ್ತು. ಅಲ್ಲಿ ಕಂಡದ್ದನ್ನೆಲ್ಲ ಇಲ್ಲಿ ಮಾಡಿಸಬೇಕೆಂಬ ಹುಚ್ಚು ಅವರಿಗೆ, ಮಾಡಿಸಿದ್ದನ್ನು ನಡೆಸಿಕೊಂಡು ಹೋಗುವ ಕರ್ಮ ನನಗೆ. ಅರವತ್ತರ ದಶಕದ ಮೊದಲ ಭಾಗ. ಮದರಾಸಿನ ಪ್ಯಾರೀಸ್ ಕಾರ್ನರಿನ ಹಿಂದಿನ ಬೀದಿಯಲ್ಲಿ ನಮ್ಮ ಉಡುಪಿ ಹೋಟೆಲು. ಕೆಳಗೆ ಹಳೆಯ ಹಾಲ್, ಮಹಡಿಯಲ್ಲಿ ಆಗಷ್ಟೇ ತೆರೆದ ಏ.ಸಿ. ಹಾಲ್. ಮಹಡಿಗೆ ನಾನು ಸೂಪರ್‌ವೈಸರ್. ಆ ಸಲ ಬಂದವರೇ ಚೀಲದಿಂದ ಒಂದು ಜೊತೆ ಕರಿ ಬೂಟು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಅದರ ಮುಂತುದಿ ಹೆರೆದ ಪೆನ್ಸಿಲಿನ ಹಾಗೆ ಚೂಪಾಗಿತ್ತು.

"ರಾಯರೇ, ಇನ್ನು ಏ.ಸಿ. ಹಾಲಿನಲ್ಲಿ ಬರಿಗಾಲು ಕಾಣಕೂಡದು. ಬಿಳಿ ಪ್ಯಾಂಟು, ಬಿಳಿ ಕೋಟು, ಕರಿ ಬೂಟು. ಬೊಂಬಾಯಿಯಲ್ಲಿ ಎಲ್ಲ ಕಡೆ ಹಾಗೇ."

"ನಮ್ಮ ಸಪ್ಲಯರುಗಳು ಹುಟ್ಟಿದ ಮೇಲೆ ಬೂಟು ಹಾಕಿದವರಲ್ಲ, ದಣಿ."

"ಹುಟ್ಟಿದ ಮೇಲೆ ಏ.ಸಿ.ಯಲ್ಲಿ ನಿಂತವರೂ ಅಲ್ಲ. ಈಗ ನಿಲ್ಲುವುದಿಲ್ಲವಾ?"

ಬೂಟನ್ನು ಮೇಜಿನಿಂದ ಕೆಳಗಿಳಿಸಿ ಇಟ್ಟೆ. ನಾನು ಮೊದಲೇ ಪುಕ್ಕಲು ಸ್ವಭಾವದವನು, ಬೀಗ ಹಾಕಿ ಬೀದಿಯ ತುದಿಯವರೆಗೆ ಹೋದವನು ವಾಪಸು ಬಂದು ಎಳೆದು ನೋಡುವ ಜಾತಿ. ಹೊಸದೇನು ಬಂದರೂ ಇದರಿಂದ ಏನು ಎಡವಟ್ಟಾದೀತು ಎಂದೇ ಮೊದಲು ಯೋಚಿಸುತ್ತೇನೆ. ಆದರೆ ಬೂಟಿನಿಂದ ಒಬ್ಬ ಮನುಷ್ಯನ ಕಾಲಿಗೇ ಸಂಚಕಾರ ಬಂದೀತೆಂದು ನನಗೂ ಹೊಳೆದಿರಲಿಲ್ಲ.

ಬೂಟಿನ ಅಂಗಡಿಯವನು ಅಳತೆಗೆ ಬಂದ. ಸಪ್ಲಯರುಗಳನ್ನು ಬೆಂಚಿನ ಮೇಲೆ ಕೂರಿಸಿ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಪಟ್ಟಿ ಹಿಡಿದು ನಂಬರು ಬರೆದುಕೊಂಡ. ಅಗಲವನ್ನು ನೋಡಲೇ ಇಲ್ಲ. ಕೂತವನ ಕಾಲು ಬೇರೆ, ತಟ್ಟೆ ಹೊತ್ತು ನಿಂತವನ ಕಾಲು ಬೇರೆ. ಹುಟ್ಟಿನಿಂದ ನೆಲ ತುಳಿದ ಪಾದಗಳವು. ಭಾರ ಬಿದ್ದ ಕೂಡಲೇ ಬೆರಳುಗಳು ಬಾಳೆಯ ಚಿಪ್ಪಿನ ಹಾಗೆ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತಿದ್ದವು. ನಾನು ಹೇಳಿದೆ. ಅಂಗಡಿಯವನು ನಕ್ಕು, "ತೋಲು ಸಾರ್, ಪೋಗ ಪೋಗ ಲೂಸಾಯಿಡುಂ" ಅಂದ. ಚರ್ಮ ತಾನೇ, ಹೋಗ್ತಾ ಹೋಗ್ತಾ ಸಡಿಲವಾಗುತ್ತದಂತೆ.

ಬೂಟುಗಳು ಬಂದ ದಿನವೇ ಅಡುಗೆಮನೆಯ ಬಾಗಿಲಲ್ಲಿ ಜಗಳ. ನಮ್ಮ ಮುಖ್ಯ ಅಡುಗೆಯವರಾದ ಭಟ್ಟರು ಸೌಟು ಹಿಡಿದೇ ಹೊಸ್ತಿಲಿಗೆ ಅಡ್ಡ ನಿಂತರು. "ಚರ್ಮ ಈ ಹೊಸ್ತಿಲು ದಾಟುವುದಿಲ್ಲ. ದಾಟುವುದಿದ್ದರೆ ನಾನು ಇವತ್ತೇ ಊರಿನ ಬಸ್ಸು ಹತ್ತುತ್ತೇನೆ." ದಣಿಗಳಿಗೆ ಬೂಟೂ ಬೇಕು, ಭಟ್ಟರ ಸಾಂಬಾರೂ ಬೇಕು. ಕೊನೆಗೆ ಒಪ್ಪಂದವಾಯಿತು. ಬಾಗಿಲ ಪಕ್ಕ ಒಂದು ಹಲಗೆ, ಒಂದು ಹಂಡೆ, ಒಂದು ಚೊಂಬು. ಸಪ್ಲಯರ್ ಬೂಟನ್ನು ಹಲಗೆಯ ಮೇಲೆ ಬಿಟ್ಟು, ಕಾಲಿಗೆ ನೀರು ಹೊಯ್ದುಕೊಂಡು ಒಳಗೆ ಹೋಗಬೇಕು. ತಟ್ಟೆ ತಂದು ಹೊರಗಿನ ಕಟ್ಟೆಯ ಮೇಲಿಟ್ಟು, ಮತ್ತೆ ಬೂಟು ಹಾಕಿಕೊಂಡು ಹಾಲಿಗೆ ನಡೆಯಬೇಕು. ಪ್ರತಿ ಆರ್ಡರಿಗೂ ಇದೇ ಸಂಧ್ಯಾವಂದನೆ.

ಒದ್ದೆ ಕಾಲನ್ನು ಒರೆಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಗಿರಾಕಿ ಮೇಜು ಬಡಿಯುತ್ತಿದ್ದ, ದೋಸೆ ತಣ್ಣಗಾಗುತ್ತಿತ್ತು. ಕಾಲುಚೀಲ ಎರಡು ದಿನಕ್ಕೇ ನಾರಿ ಮೂಲೆಗೆ ಬಿತ್ತು. ಹಿಂದೆಯೂ ಅವರು ದಿನವಿಡೀ ಕಾಲು ತೊಳೆಯುತ್ತಿದ್ದವರೇ, ಆದರೆ ತೊಳೆದ ಕಾಲು ಗಾಳಿಗೆ ಒಣಗುತ್ತಿತ್ತು. ಈಗ ಆ ನೀರೆಲ್ಲ ಚರ್ಮದೊಳಗೆ ಬೆಚ್ಚಗೆ ಕೂತಿತು. ಬೆರಳ ಸಂದುಗಳು ನೆನೆಸಿಟ್ಟ ಅವಲಕ್ಕಿಯಂತೆ ಬಿಳುಚಿದವು. ಹಿಮ್ಮಡಿಯಲ್ಲಿ ಬೊಬ್ಬೆ, ಕಿರುಬೆರಳಲ್ಲಿ ಆಣಿ. ಹಾಲಿನಲ್ಲಿ ಒಬ್ಬೊಬ್ಬನೂ ಒಂದೊಂದು ರಾಗದಲ್ಲಿ ಕುಂಟತೊಡಗಿದ.

ನಾನು ಅವರನ್ನು ಹಳೆಯ ಪೇಪರಿನ ಮೇಲೆ ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೀಟು ಎಳೆದೆ. ಗೀಟಿನ ಮೇಲೆ ಅವರವರ ಬೂಟನ್ನೇ ಇಟ್ಟರೆ ಎರಡೂ ಕಡೆ ಪಾದ ಹೊರಗೇ ಉಳಿಯುತ್ತಿತ್ತು. ಆ ಪೇಪರುಗಳನ್ನು ದಣಿಗಳ ಮುಂದೆ ಹರಡಿದೆ.

"ನೋಡಿ ದಣಿ, ಇಷ್ಟು ಪಾದ ಇಷ್ಟರೊಳಗೆ ಹೋಗುವುದು ಹೇಗೆ?"

"ದೊಡ್ಡಣ್ಣನದು ಹೋಗ್ತದಲ್ಲ! ಅವನು ಕುಂಟುತ್ತಾನಾ? ಇವರೆಲ್ಲ ಸೋಮಾರಿಗಳು, ರಾಯರೇ."

ದೊಡ್ಡಣ್ಣ ನಮ್ಮ ಹಿರಿಯ ಸಪ್ಲಯರ್. ಹೋಟೆಲಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಐವತ್ತರ ಆಚೀಚಿನ ಪ್ರಾಯ, ಉಡುಪಿಯ ಕಡೆಯವರು. ಹೆಂಡತಿ ಮಕ್ಕಳು ಊರಿನಲ್ಲಿ. ಒಂದು ಕೈಯ ಉದ್ದಕ್ಕೂ ಕಾಫಿ ಲೋಟಗಳನ್ನು ಜೋಡಿಸಿಕೊಂಡು ತೊಟ್ಟು ಚೆಲ್ಲದೆ ಮಹಡಿ ಹತ್ತುವ ಮನುಷ್ಯ. ದಣಿಗಳು ಹೇಳಿದ್ದು ನಿಜವೇ. ಎಲ್ಲರೂ ಮುಖ ಕಿವುಚಿಕೊಂಡು ನಡೆಯುವಾಗ ದೊಡ್ಡಣ್ಣ ಮಾತ್ರ ಟಕ್ ಟಕ್ ಎಂದು ಸೇನೆಯವರ ಹಾಗೆ ನಡೆಯುತ್ತಿದ್ದರು. ಬೇಕಂತಲೇ ಸ್ವಲ್ಪ ಜೋರಾಗಿ ಹೆಜ್ಜೆ ಇಡುತ್ತಿದ್ದರೋ ಏನೋ. "ನಿಮಗೆ ನೋವಾಗುವುದಿಲ್ಲವಾ ದೊಡ್ಡಣ್ಣ?" ಎಂದು ಕೇಳಿದರೆ, "ಎಂಥ ನೋವು ರಾಯರೇ? ಹಾಕಿದ್ದೇ ಗೊತ್ತಾಗುವುದಿಲ್ಲ" ಎಂದು ನಗುತ್ತಿದ್ದರು. ಉಳಿದವರೆಲ್ಲ ಕುಂಟುತ್ತಿದ್ದುದಕ್ಕಿಂತ ಅವರು ಕುಂಟದೇ ಇದ್ದುದು ನನ್ನ ತಲೆ ತಿನ್ನತೊಡಗಿತು. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಹೋದೆ. ಹಲಗೆಯ ಮೇಲೆ ಬೂಟುಗಳು ಸಾಲಾಗಿದ್ದವು. ಗೋಡೆಯಿಂದ ಇಳಿದ ಇರುವೆಯ ಸಾಲೊಂದು ಉಳಿದ ಬೂಟುಗಳನ್ನೆಲ್ಲ ಬಿಟ್ಟು ಒಂದೇ ಒಂದು ಬೂಟಿನೊಳಗೆ ಇಳಿಯುತ್ತಿತ್ತು. ಹೋಟೆಲೆಂದ ಮೇಲೆ ಇರುವೆ ಇದ್ದದ್ದೇ, ಜಿಲೇಬಿಯ ಪಾಕ ಚೆಲ್ಲಿರಬೇಕೆಂದು ಒರೆಸಲು ಕೈ ಹಾಕಿದೆ. ಒಳಗೆ ಅಂಟಂಟು, ದುರ್ನಾತ. ಕಿರುಬೆರಳು ಕೂರುವ ಜಾಗದ ಹತ್ತಿರ ಏನೋ ಚುರುಕ್ಕೆಂದು ಚುಚ್ಚಿ ನನ್ನ ಬೆರಳಲ್ಲಿ ರಕ್ತ ಬಂತು. ಅಟ್ಟೆಗೆ ಹೊಡೆದ ಮೊಳೆಯೊಂದರ ತುದಿ ಮೇಲೆ ಎದ್ದಿತ್ತು. ಬೂಟು ದೊಡ್ಡಣ್ಣನದು.

ಅವರನ್ನು ಉಗ್ರಾಣಕ್ಕೆ ಕರೆದು ಅಕ್ಕಿಮೂಟೆಯ ಮೇಲೆ ಕೂರಿಸಿದೆ. "ಕಾಲು ತೋರಿಸಿ" ಎಂದೆ. ಅವರು ಪ್ಯಾಂಟಿನ ತುದಿಯನ್ನು ಕೆಳಗೆ ಎಳೆದುಕೊಂಡರು. ಮೂರು ಸಲ ಹೇಳಿದ ಮೇಲೆ ಬಲಗಾಲು ಮುಂದೆ ಬಂತು. ಕಿರುಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅದರ ಕೆಳಗೆ ಅಂಗಾಲಿನಲ್ಲಿ ಮೊಳೆ ಕೊರೆದ ತೂತು, ಒತ್ತಿದರೆ ಕೀವು.

"ಇದು ನೋಯುವುದಿಲ್ಲವಾ?"

"ದೇವರಾಣೆ ಇಲ್ಲ ರಾಯರೇ. ನೋಯ್ತಿದ್ದರೆ ಹೇಳ್ತಿರಲಿಲ್ಲವಾ? ದಣಿಗಳಿಗೆ ಹೇಳಬೇಡಿ. ಅವರು ಎಲ್ಲರ ಎದುರು ನನ್ನನ್ನು ಹೊಗಳಿದ್ದಾರೆ." ಕಾಲನ್ನು ಹಿಂದಕ್ಕೆ ಎಳೆದುಕೊಂಡು ಹೇಳಿದರು: "ಓದು ಬರಹ ಇಲ್ಲದ ನನಗೆ ಇರುವುದು ಈ ಎರಡು ಕಾಲು ಮಾತ್ರ."

ಅದೇ ಸಂಜೆ ಅವರನ್ನು ಬೀಚ್ ಸ್ಟೇಷನ್ನಿನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಕೂರಿಸಿಕೊಂಡು ಮಾಂಬಲಂಗೆ ಬಂದೆ. ನನ್ನ ಮನೆ ವೆಸ್ಟ್ ಮಾಂಬಲಂನಲ್ಲಿ. ಸ್ಟೇಷನ್ನಿನ ಪಕ್ಕದ ಸಂದಿಯಲ್ಲಿ ನಮ್ಮ ಮನೆಯ ಡಾಕ್ಟರು. ತಮಿಳರು, ಮೈಸೂರಿನಲ್ಲಿ ಓದಿದ್ದರಿಂದ ಅವರದೇ ಒಂದು ಕನ್ನಡ ಆಡುತ್ತಿದ್ದರು. ಗಾಯ ನೋಡಿದವರೇ ಮೂತ್ರ ತರಿಸಿದರು. ಗಾಜಿನ ನಳಿಗೆಯಲ್ಲಿದ್ದ ನೀಲಿ ದ್ರವಕ್ಕೆ ಅದರ ಕೆಲವು ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು. ಅಲ್ಲಿಗೇ ನಿಲ್ಲಲಿ ದೇವರೇ ಎಂದುಕೊಳ್ಳುವಷ್ಟರಲ್ಲಿ ಇಟ್ಟಿಗೆಯ ಕೆಂಪಿಗೆ ತಿರುಗಿತು.

"ಸಕ್ಕರೆ ಕಾಯಿಲೆ. ಎಷ್ಟು ವರ್ಷದಿಂದಲೋ" ಎಂದರು. ದೊಡ್ಡಣ್ಣನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತಿಯ ಎಳೆಯಿಂದ ಪಾದವನ್ನು ಸವರಿದರು. ಆಮೇಲೆ ಗುಂಡುಸೂಜಿಯಿಂದ ಚುಚ್ಚುತ್ತ ಮೇಲೆ ಬಂದರು. "ಮುಟ್ಟಿದ್ದು ಗೊತ್ತಾದರೆ ಸರಿ ಅನ್ನಬೇಕು, ಆಯ್ತಾ?" ಬೆರಳು, ಅಂಗಾಲು, ಹಿಮ್ಮಡಿ ಎಲ್ಲ ದಾಟಿದರೂ ದೊಡ್ಡಣ್ಣ ಪರೀಕ್ಷೆಗೆ ಕೂತ ಹುಡುಗನಂತೆ ಕಾಯುತ್ತಲೇ ಇದ್ದರು. ಸೂಜಿ ಪಾದದ ಗಂಟಿನ ಮೇಲಕ್ಕೆ ಬಂದಾಗ "ಹಾಂ, ಸರಿ!" ಎಂದು ಹಿಗ್ಗಿನಿಂದ ಕೂಗಿದರು. ಚುಚ್ಚುವುದು ಶುರುವಾದದ್ದೇ ಆಗ ಎಂದುಕೊಂಡಿದ್ದರು ಪಾಪ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನರ ಸತ್ತಿದೆ ಸಾರ್. ಬರಿಗಾಲಲ್ಲಿ ಇದ್ದಿದ್ರೆ ಗಾಯ ಯಾರ ಕಣ್ಣಿಗಾದರೂ ಬೀಳ್ತಿತ್ತು. ಬೂಟ್ ಒಳಗೆ ಯಾರ್ ಪಾಕ್ಕ ಪೋರಾ, ಯಾರು ನೋಡ್ತಾರೆ? ಇವರಿಗೆ ನೋವಿಲ್ಲ, ನಿಮಗೆ ಕಾಣೋದಿಲ್ಲ." ಪೆನಿಸಿಲಿನ್, ಇನ್ಸುಲಿನ್ ಎರಡೂ ಶುರು ಮಾಡಿದರು. ಗಾಯದ ಸುತ್ತ ಕೆಂಪಾಗಿದ್ದ ಚರ್ಮದ ಅಂಚಿನಲ್ಲಿ ಶಾಯಿಯಿಂದ ಒಂದು ಗೆರೆ ಎಳೆದರು. ಕಾಲು ನೆಲಕ್ಕೆ ತಾಗಕೂಡದು, ಕಟ್ಟು ಒದ್ದೆಯಾಗಕೂಡದು. ಕೆಂಪು ಈ ಗೆರೆ ದಾಟಿದರೆ ಒಂದು ಗಳಿಗೆಯೂ ಕಾಯದೆ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಎಲ್ಲಿಂದ ಕತ್ತರಿಸುತ್ತಾರೆಂದು ತಾನು ಹೇಳಲಾರೆ ಎಂದರು.

ಹೋಟೆಲಿನ ಮಾಳಿಗೆಯಲ್ಲಿ ಅವರು ಮಲಗುತ್ತಿದ್ದ ಕೋಣೆಗೆ ಅವರನ್ನು ಕಳಿಸಿದರೆ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಕಾಲು ಮುಗಿಯುತ್ತಿತ್ತು. ನಮ್ಮ ಮನೆಯ ನಡುಕೋಣೆಯಲ್ಲೇ ಹಾಸಿಗೆ ಹಾಸಿದೆವು. ಬೆಳಿಗ್ಗೆ ಹೊರಡುವ ಮುಂಚೆ ಗೆರೆ ನೋಡುವುದು, ಸಂಜೆ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲೇ ಗೆರೆ ನೋಡುವುದು ನನ್ನ ದಿನಚರಿಯಾಯಿತು. ಮೊದಮೊದಲು ಕೆಂಪು ಗೆರೆಯಿಂದ ಒಳಕ್ಕೆ ಸರಿಯಿತು. ನಾನು ಟ್ರೈನಿನಲ್ಲಿ ಒಬ್ಬನೇ ನಗುತ್ತ ಕೂತೆ. ಮರುದಿನ ಅದು ಗೆರೆಯ ಹತ್ತಿರಕ್ಕೇ ವಾಪಸು ಬಂದಿತ್ತು.

ದಣಿಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು, ಆದರೆ ಮಾತು ಸೋಲಲಿಲ್ಲ. "ಸಕ್ಕರೆ ಕಾಯಿಲೆಗೆ ಬೂಟು ಎಂಥ ಮಾಡುವುದು, ರಾಯರೇ? ಔಷಧಿಯ ಖರ್ಚು ನನ್ನದು, ಅದನ್ನು ಬಿಡಿ. ಭಾನುವಾರ ಬ್ಯಾಂಕಿನವರ ದೊಡ್ಡ ಪಾರ್ಟಿ ಉಂಟು, ಹಾಲಿಗೆ ಜನ ಬೇಕು. ಕೆಳಗಿನಿಂದ ಒಬ್ಬನನ್ನು ಮೇಲೆ ಹಾಕಿ. ದೊಡ್ಡಣ್ಣನ ಬೂಟು ಹೇಗೂ ಖಾಲಿ ಉಂಟಲ್ಲ, ಅದನ್ನೇ ಕೊಡಿ." ಆ ಬೂಟನ್ನು ಕಾಗದದಲ್ಲಿ ಸುತ್ತಿ ಮನೆಗೇ ಒಯ್ದುಬಿಟ್ಟೆ.

ಶನಿವಾರ ಸಂಜೆ ಮನೆ ಹೊಕ್ಕಾಗ ದೊಡ್ಡಣ್ಣ ಹೊದ್ದು ಮಲಗಿ ನಡುಗುತ್ತಿದ್ದರು. ಕಟ್ಟು ಬಿಚ್ಚಿದೆ. ಕೆಂಪು ಗೆರೆಯನ್ನು ದಾಟಿ ಪಾದದ ಮೇಲ್ಭಾಗಕ್ಕೆಲ್ಲ ಹಬ್ಬಿತ್ತು. ಬಟ್ಟೆಯ ಒಳಸುತ್ತು ಒದ್ದೆ.

"ಇದಕ್ಕೆ ನೀರು ಹೇಗೆ ಬಿತ್ತು?" ಎಂದು ಹೆಂಡತಿಯ ಮೇಲೆ ಕೂಗಾಡಿದೆ.

"ನನ್ನ ಮೇಲೆ ಯಾಕೆ ಹಾರ್ತೀರಿ?" ಅವಳ ಕಣ್ಣಲ್ಲೂ ನೀರಿತ್ತು. "ಮಧ್ಯಾಹ್ನ ನಾನು ಬಡಿಸ್ತಾ ಇರುವಾಗ ಬಚ್ಚಲಲ್ಲಿ ಸದ್ದು ಕೇಳಿತು. ಊಟಕ್ಕೆ ಮುಂಚೆ ಕಾಲು ತೊಳೀತಿದ್ದರು. ದಿನಾ ತೊಳೀತಿದ್ದರಂತೆ, ನನಗೆ ಕಾಣದ ಹಾಗೆ. ಬೇಡ ಅಂತ ಎಷ್ಟು ಬಡಕೊಂಡೆ."

ದೊಡ್ಡಣ್ಣ ಹೊದಿಕೆಯೊಳಗಿನಿಂದ ಹೇಳಿದರು: "ಅಕ್ಕನಿಗೆ ಬಯ್ಯಬೇಡಿ. ಕಾಲು ತೊಳೆಯದೆ ಎಲೆಯ ಮುಂದೆ ಕೂತು ಉಣ್ಣಲಿಕ್ಕೆ ಆಗ್ತದಾ ರಾಯರೇ? ನಾನು ಎಂಥ ಪ್ರಾಣಿಯಾ?"

ಯಾರಿಗೆ ಬಯ್ಯುವುದು? ಟ್ಯಾಕ್ಸಿ ಹಿಡಿದು ದೊಡ್ಡಾಸ್ಪತ್ರೆಗೆ ಓಡಿದೆವು. ಸರ್ಜನ್ ಕಾಲನ್ನು ಅತ್ತಿತ್ತ ತಿರುಗಿಸಿ, ಪಾದದ ಗಂಟಿನ ಹಿಂದೆ ನಾಡಿ ಹಿಡಿದು ನೋಡಿದರು. ನಾಡಿ ಇನ್ನೂ ಆಡುತ್ತಿದೆ, ಅದೊಂದೇ ಧೈರ್ಯ. ಬೆಳಿಗ್ಗೆ ಕೊಯ್ದು ಕೀವು ತೆಗೆಯುತ್ತೇವೆ. ಕಿರುಬೆರಳು ಹೋಗುತ್ತದೆ. ಒಳಗೆ ಮೂಳೆಗೆ ಹಬ್ಬಿದ್ದರೆ ಮೊಳಕಾಲಿನ ಕೆಳಗಿನಿಂದ ತೆಗೆಯಬೇಕಾದೀತು, ತೆರೆದ ಮೇಲೆಯೇ ತಿಳಿಯುವುದು ಎಂದರು. ದೊಡ್ಡಣ್ಣ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿ, ನನ್ನ ತೋಳನ್ನು ಬಿಡದೆ ಹಿಡಿದುಕೊಂಡರು. ಊರಿಗೆ ತಂತಿ ಕೊಡಲೇ ಎಂದರೆ, "ಕಾಲು ಎಷ್ಟು ಉಳಿಯಿತು ಅಂತ ಗೊತ್ತಾದ ಮೇಲೆ ಕೊಡಿ" ಎಂದರು.

ಭಾನುವಾರ ಬೆಳಿಗ್ಗೆ ಅವರು ಆಪರೇಷನ್ನಿನ ಕೋಣೆಯಲ್ಲಿ, ನಾನು ಹಾಲಿನಲ್ಲಿ. ಬ್ಯಾಂಕಿನವರು ಊಟಕ್ಕೆ ಬರುವವರಿದ್ದರು. ಮೇಜಿಗೆ ಬಟ್ಟೆ ಹಾಸಿಸುತ್ತಿದ್ದೆ. ಸಪ್ಲಯರುಗಳು ಬೂಟಿಗೆ ಪಾಲಿಶ್ ಹೊಡೆದು ಸಾಲಾಗಿ ನಿಂತಿದ್ದರು. ಇವರಲ್ಲಿ ಇನ್ನೊಬ್ಬ ದೊಡ್ಡಣ್ಣ ಇದ್ದರೆ? ಆ ಯೋಚನೆ ಬಂದ ಮೇಲೆ ನನಗೆ ಮುಂದಿನ ಮೇಜು ಕಾಣಲಿಲ್ಲ.

"ಎಲ್ಲರೂ ಬೂಟು ಬಿಚ್ಚಿ ಬೆಂಚಿನ ಮೇಲೆ ಕೂತುಕೊಳ್ಳಿ" ಎಂದೆ.

ಟಾರ್ಚು ಹಿಡಿದು ಮೊದಲನೆಯವನ ಮುಂದೆ ಮಂಡಿಯೂರಿ ಪಾದಕ್ಕೆ ಕೈ ಹಾಕಿದೆ. ಅವನು ಕೆಂಡ ತುಳಿದಂತೆ ಕಾಲು ಎಳೆದುಕೊಂಡ. "ಅಯ್ಯೋ ರಾಯರೇ, ನೀವು ನನ್ನ ಕಾಲು ಮುಟ್ಟುವುದಾ? ನನಗೆ ಪಾಪ ಬರ್ತದೆ!" ಬರಲಿ, ನನ್ನ ಲೆಕ್ಕಕ್ಕೆ ಹಾಕಿಕೋ ಎಂದು ಗದರಿಸಿ ಬೆರಳ ಸಂದುಗಳನ್ನು ಬಿಡಿಸಿ ನೋಡಿದೆ. ಕಣ್ಣು ಮುಚ್ಚಿಸಿ ಗುಂಡುಸೂಜಿ ತಾಗಿಸಿದೆ. ಒಬ್ಬೊಬ್ಬನೂ "ಅಮ್ಮಾ!" ಎಂದು ಹಾರಿ ಬಿದ್ದಾಗ ನನಗೆ ಹೋದ ಜೀವ ಬರುತ್ತಿತ್ತು. ನೋವು ಎಲ್ಲರಿಗೂ ಇತ್ತು. ಆದರೆ ನೆಟ್ಟಗಿದ್ದ ಪಾದ ಒಂದೂ ಇರಲಿಲ್ಲ. ಸಂದುಗಳು ಹಸಿಮಾಂಸ, ಒಬ್ಬನಿಗೆ ಉಗುರು ಮಾಂಸದೊಳಗೆ ನುಗ್ಗಿತ್ತು, ಇನ್ನೊಬ್ಬ ಹಿಮ್ಮಡಿಯ ಗಾಯಕ್ಕೆ ಬಾಳೆಎಲೆಯ ಚೂರು ಇಟ್ಟು ಕಟ್ಟಿಕೊಂಡಿದ್ದ.

ಬೂಟುಗಳನ್ನೆಲ್ಲ ಗೋಣಿಗೆ ತುಂಬಿಸಿ ಉಗ್ರಾಣದಲ್ಲಿ ಹಾಕಿ ಬೀಗ ಜಡಿದೆ. ಹಂಡೆಯ ಪಕ್ಕ ಒಣ ಗೋಣಿ ಹಾಸಿ, ಎರಡು ಟವೆಲ್ ನೇತುಹಾಕಿ, ಕಾಲು ತೊಳೆದವನು ಬೆರಳ ಸಂದು ಒರೆಸದೆ ಮುಂದೆ ಹೋದರೆ ಜಾಗ್ರತೆ ಎಂದೆ. ಭಟ್ಟರು ಒಳಗಿನಿಂದ ನೋಡುತ್ತಿದ್ದರು. "ದಣಿಗಳು ಕೇಳಿದರೆ ನನ್ನ ಹೆಸರು ಹೇಳಿ" ಎಂದು ಕೂಗಿದರು. ಅವರಿಗೆ ಬೂಟು ತರಿಸಿದ ದಣಿಗಳ ಮೇಲೆ ಹೇಗೂ ಸಿಟ್ಟಿತ್ತು.

ದಣಿಗಳು ಬಂದರು. ಬಿಳಿ ಕೋಟು, ಬಿಳಿ ಪ್ಯಾಂಟು, ಕೆಳಗೆ ಬರಿಗಾಲು: ಮೇಲೆ ಬೊಂಬಾಯಿ, ಕೆಳಗೆ ಉಡುಪಿ. ಅವರ ಮುಖ ಬಿಗಿಯಿತು.

"ಇದೆಂಥ ನಾಟಕ? ಬೂಟು ಎಲ್ಲಿ?"

"ಬೀಗದೊಳಗೆ ಉಂಟು, ದಣಿ. ಬೀಗದ ಕೈ ನನ್ನ ಹತ್ತಿರ."

"ಕೊಡಿ ಇತ್ತ."

"ಕೊಡುತ್ತೇನೆ. ಮೊದಲು ಇವರ ಪಾದ ನೀವೇ ಒಮ್ಮೆ ನೋಡಿ. ನೋಡಿಯೂ ಹಾಕಿಸಬೇಕು ಅನ್ನಿಸಿದರೆ ಹಾಕಿಸಿ. ನಾನು ಹಾಕಿಸುವುದಿಲ್ಲ. ಇವತ್ತೇ ಲೆಕ್ಕ ಮುಗಿಸಿ ನನ್ನನ್ನು ಕಳಿಸಿಬಿಡಿ." ಇಷ್ಟು ಹೇಳುವಷ್ಟರಲ್ಲಿ ಬೆನ್ನಲ್ಲಿ ಬೆವರು ಇಳಿದಿತ್ತು. ಏ.ಸಿ. ಜೋರಾಗಿಯೇ ಓಡುತ್ತಿತ್ತು.

ಅವರು ಬಾಯಿ ತೆರೆದರು. ಮೆಟ್ಟಿಲ ಮೇಲೆ ಬ್ಯಾಂಕಿನವರ ಮಾತು ನಗು ಕೇಳಿಸಿತು. ದಣಿಗಳು ನನ್ನನ್ನೊಮ್ಮೆ ಸುಟ್ಟುಬಿಡುವಂತೆ ನೋಡಿ, ಮುಖಕ್ಕೆ ನಗು ಹಚ್ಚಿಕೊಂಡು ಬಾಗಿಲಿಗೆ ಹೋದರು. ಊಟ ನಡೆಯಿತು. ಬಂದವರ ಕಣ್ಣೆಲ್ಲ ಹೋಳಿಗೆಯ ಮೇಲೆ, ಯಾರೊಬ್ಬರೂ ನೆಲ ನೋಡಲಿಲ್ಲ. ಎಷ್ಟೋ ದಿನದ ಮೇಲೆ ದೋಸೆ ಬಿಸಿಯಾಗಿ ಮೇಜು ಮುಟ್ಟಿತು. ನಾನು ಮಾತ್ರ ಫೋನು ಬಡಿದಾಗಲೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದೆ.

ಪಾರ್ಟಿ ಮುಗಿದ ಮೇಲೆ ದಣಿಗಳು ನನ್ನ ಹತ್ತಿರ ಬಂದರು. ಬಯ್ಯುತ್ತಾರೆಂದು ತಲೆ ತಗ್ಗಿಸಿದೆ. "ಕಾರು ಕೆಳಗೆ ಉಂಟು, ಆಸ್ಪತ್ರೆಗೆ ಹೋಗಿ" ಎಂದರು. ನಾನು ಮೆಟ್ಟಿಲು ಇಳಿಯುವಾಗ ಮೇಲಿನಿಂದ ಮತ್ತೆ ಕೇಳಿಸಿತು: "ಕಾಲು ಉಳಿದರೆ ಫೋನು ಮಾಡಿ. ಉಳಿಯದಿದ್ದರೂ ಮಾಡಿ."

ವಾರ್ಡಿನ ಕೊನೆಯ ಮಂಚದಲ್ಲಿ ದೊಡ್ಡಣ್ಣ ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಿದ್ದರು. ಕಾಲಿನ ಮೇಲೆ ಬಿಳಿ ಹೊದಿಕೆ, ಅದು ಕಾಲಿಗೆ ತಾಗದಂತೆ ಅಡಿಯಲ್ಲಿ ಕಬ್ಬಿಣದ ಕಮಾನು. ಎಷ್ಟು ಉದ್ದ ಉಳಿದಿದೆ ಎಂದು ಹೊರಗಿನಿಂದ ತಿಳಿಯುವಂತಿರಲಿಲ್ಲ.

"ಸಿಸ್ಟರ್ ಹೇಳಲಿಲ್ಲವಾ?"

"ಅವರು ತಮಿಳಲ್ಲಿ ಏನೋ ಹೇಳಿದರು. ನಾನು ಕಿವಿ ಮುಚ್ಚಿಕೊಂಡೆ. ನನಗೆ ನೋಡಲಿಕ್ಕೆ ಧೈರ್ಯ ಇಲ್ಲ ರಾಯರೇ. ಅಲ್ಲಿ ಉಂಟೋ ಇಲ್ಲವೋ ನನಗೆ ಒಳಗಿನಿಂದ ಗೊತ್ತಾಗುವುದಿಲ್ಲ. ನೀವು ನೋಡಿ ಹೇಳಿ."

ಹೊದಿಕೆಯ ಅಂಚು ಹಿಡಿದು ಮೇಲೆತ್ತಿದೆ. ಮೊಳಕಾಲು ಇತ್ತು. ಮೀನಖಂಡ ಇತ್ತು. ದಪ್ಪ ಕಟ್ಟಿನೊಳಗೆ ಹಿಮ್ಮಡಿಯ ಗುಂಡು ಇತ್ತು. ಕಟ್ಟಿನ ತುದಿಯಲ್ಲಿ ನಾಲ್ಕು ಬೆರಳುಗಳ ಉಗುರುಗಳು ಹೊರಗೆ ಇಣುಕುತ್ತಿದ್ದವು, ಬೆಚ್ಚಗಿದ್ದವು. ಐದನೆಯದರ ಜಾಗದಲ್ಲಿ ಹತ್ತಿ.

"ಕಾಲು ಉಂಟು ದೊಡ್ಡಣ್ಣ. ಕಿರುಬೆರಳು ಒಂದು ಹೋಗಿದೆ, ಅಷ್ಟೆ."

ಅವರು ನಂಬಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಎಬ್ಬಿಸಿ ಕೂರಿಸಿದೆ. ಇನ್ನು ಮುಂದೆ ಈ ಕಾಲನ್ನು ದಿನವೂ ಕಣ್ಣಿನಿಂದಲೇ ನೋಡಬೇಕು, ಅದನ್ನು ಅವರೇ ಮಾಡಬೇಕು ಎಂದೆ. ಅವರು ನಿಧಾನವಾಗಿ ಬಗ್ಗಿ, ಕೈ ಚಾಚಿ, ಹೆಬ್ಬೆರಳನ್ನು ಮುಟ್ಟಿದರು. ಅದರ ಪಕ್ಕದ್ದನ್ನು ಹಿಡಿದರು. ಹಿಂಡಿದರು, ಉಗುರಿನಿಂದ ಚಿವುಟಿದರು. ಚಿವುಟಿದ ಜಾಗ ಬಿಳುಚಿ ಮತ್ತೆ ಕೆಂಪಾಯಿತು. ದೊಡ್ಡಣ್ಣ ಅದನ್ನೇ ನೋಡುತ್ತ ಕೂತರು. ಆಮೇಲೆ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದರು.

"ನೋವಾಯಿತಾ?" ನಾನು ಗಾಬರಿಯಿಂದ ಕೇಳಿದೆ.

"ಇಲ್ಲ ರಾಯರೇ" ಎಂದರು, ಆ ಬೆರಳನ್ನು ಬಿಡದೆ. "ಇಷ್ಟು ಚಿವುಟಿದರೂ ಆಗಲಿಲ್ಲ."